ಹದಿನಾಲ್ಕು ಕಲ್ಲು

ಈ ದೇಶದಲ್ಲಿ ಮನುಷ್ಯರನ್ನು ಇನ್ನೂ
ಕಲ್ಲಿನಲ್ಲೇ ತೂಗುತ್ತಾರೆ.
ನೀವು ಹದಿನಾಲ್ಕು ಕಲ್ಲು, ಮೇಲೆ ಮೂರು ಪೌಂಡು,
ಎಂದಳು ನರ್ಸ್ ಬೆವರ್ಲಿ, ಬರೆದುಕೊಳ್ಳುತ್ತ,
ಸೊಪ್ಪಿನ ಕಟ್ಟು ಎಣಿಸಿದಷ್ಟು ಸಲೀಸಾಗಿ.

ರಾಣೆಬೆನ್ನೂರಿನ ನಮ್ಮ ಗರಡಿಯ ಹಿಂದೆ
ಒಂದೇ ಒಂದು ಕಲ್ಲಿತ್ತು, ಎಣ್ಣೆ ಕುಡಿದು ಕರ್ರಗೆ.
ಮೊಣಕಾಲಿನ ತನಕ ಅದನ್ನು ಎತ್ತಿದವನಿಗೆ
ಓಣಿಯೆಲ್ಲ ಹೆಣ್ಣು ಕೊಡಲು ತಯಾರು.
ನನ್ನಿಂದ ಅದು ಅಲುಗಲೂ ಇಲ್ಲ.
ಈಗ ನೋಡಿದರೆ ಹದಿನಾಲ್ಕು ಹೊತ್ತು
ದಿನಕ್ಕೆ ಎಂಟು ತಾಸು ಬಸ್ಸು ಓಡಿಸುತ್ತೇನೆ,
ಸ್ಟೇಷನ್ನಿನಿಂದ ಸಮುದ್ರಕ್ಕೆ, ಸಮುದ್ರದಿಂದ ಸ್ಟೇಷನ್ನಿಗೆ.
ಓಡುವುದು ಬಸ್ಸು. ನಾನು ಕೂತಿರುತ್ತೇನೆ.

ಹಗ್ಗ ತಂದವಳು ಅನಸೂಯಾ. ಒಂದು ಪೌಂಡಿನ ಅಂಗಡಿಯದು,
ನೇರಳೆ ಹಿಡಿಕೆ, ಹುಡುಗಿಯರಿಗೆಂದು ಮಾಡಿದ್ದು.
‘ಸಂಜೆ, ಊಟಕ್ಕೆ ಮುಂಚೆ, ಇನ್ನೂರು.’
ಮೊದಲ ದಿನ ಮನೆಯೊಳಗೇ ಜಿಗಿದೆ.
ಕಪಾಟಿನ ಸ್ಟೀಲು ಲೋಟಗಳು ನನಗಿಂತ ಜೋರಾಗಿ ಎಣಿಸಿದವು.
ಮರುದಿನದಿಂದ ಹಿತ್ತಿಲ ಗಲ್ಲಿ,
ಬೆನ್ನಿಗೆ ಬೆನ್ನು ಕೊಟ್ಟ ಇಟ್ಟಿಗೆ ಮನೆಗಳ ನಡುವೆ,
ಕಸದ ಡಬ್ಬಿಗಳ ಸಾಲಿನಲ್ಲಿ ನಾನೂ ಒಬ್ಬ.

ಸಂಜೆ ಅಂದರೆ ಯಾವುದು, ಹೇಳಿ.
ಜೂನಿನ ಸಂಡರ್‌ಲ್ಯಾಂಡಿನಲ್ಲಿ ಒಂಬತ್ತೂವರೆಯಾದರೂ
ಹೊತ್ತು ಮುಳುಗಲು ಮನಸ್ಸು ಮಾಡುವುದಿಲ್ಲ.
ಕತ್ತಲಲ್ಲಿ ಯಾರು ನೋಡುತ್ತಾರೆ ಎಂದುಕೊಂಡವನು
ಹಗಲಿನಂಥ ರಾತ್ರಿಯಲ್ಲಿ ಚಡ್ಡಿ ತೊಟ್ಟು ನಿಂತೆ.
ಚಿಮಣಿಗಳ ಮೇಲೆ ಕಡಲಹಕ್ಕಿಗಳು ನಕ್ಕವು.

ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆಂದು
ಶಾಲೆಯಲ್ಲಿ ಶಾಸ್ತ್ರಿ ಮಾಸ್ತರರು ಹೇಳಿದ್ದರು.
ನನಗದು ಒಳ್ಳೆ ಬೆಳಕಿನಲ್ಲಿ, ಹಗ್ಗವಾಗಿಯೇ,
ಮೀನಖಂಡಕ್ಕೆ ಕಚ್ಚಿತು.
ಐದು, ಆರು, ಏಳಕ್ಕೆ ತೊಡರು.
ಮತ್ತೆ ಒಂದು.

ಗೌರಕ್ಕ ನೂರು ಜಿಗಿಯುತ್ತಿದ್ದಳು, ಲಂಗ ಎತ್ತಿ ಸಿಕ್ಕಿಸಿ,
ಬಾವಿಹಗ್ಗದ ತುಂಡಿನಲ್ಲಿ, ಉಸಿರಿನ ನಡುವೆ ಮಗ್ಗಿ ಹೇಳುತ್ತ.
ಹದಿನೇಳರ ಮಗ್ಗಿ ಅವಳ ಕಾಲಿಗೆ ಬಂದದ್ದು ಹಾಗೆ.
ಗಂಡುಹುಡುಗರು ಆಡಬಾರದು ಎಂದವರು ಯಾರು?
ಅವಳಲ್ಲ. ಯಾರೂ ಅಲ್ಲ. ನಾನು ಕೇಳಲೇ ಇಲ್ಲ.
ಆ ಕಲ್ಲಿನ ಹತ್ತಿರ ನಿಂತಿರುತ್ತಿದ್ದೆ, ದೊಡ್ಡವರ ಜೊತೆ.

ನಾಲ್ಕನೆಯ ಸಂಜೆ ಎದುರು ಹಿತ್ತಿಲಿನ ಡೋರೀನ್
ಹಾಲಿನ ಖಾಲಿ ಕ್ಯಾನು ಎಸೆಯಲು ಬಂದವಳು, ಎಂಬತ್ತೆರಡು ವರ್ಷ,
ಎಸೆದು ಒಳಗೆ ಹೋಗಲಿಲ್ಲ.
‘ಗೋಡೆ ಹಾರುತ್ತಿದ್ದೀಯಲ್ಲ ಮಾರಾಯ,
ಹಗ್ಗ ಬೆರಳಿನಷ್ಟೂ ದಪ್ಪ ಇಲ್ಲ. ಅಷ್ಟೇ ಏಳು.’
ಹದಿನೈದಕ್ಕೇ ಹಗ್ಗದ ಕಾರ್ಖಾನೆ ಸೇರಿದವಳಂತೆ,
ಹಡಗಿನ ಹಗ್ಗ, ತೋಳಿನ ಗಾತ್ರದ್ದು;
ಡಾಂಬರಿನ ವಾಸನೆ ಮದುವೆಯ ದಿನವೂ ಕೈ ಬಿಟ್ಟಿರಲಿಲ್ಲವಂತೆ.
ನನ್ನದನ್ನು ಹಿಡಿದು ನೋಡಿ ಏನೋ ಅಂದಳು.
ಕನ್ನಡದಲ್ಲಿ ಅದು ‘ಶಾವಿಗೆ’.

ಮರುದಿನ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ತಂದಳು.
ಒಂದು ತುದಿ ನಮ್ಮ ಮಳೆನೀರಿನ ಕೊಳವೆಗೆ ಬಿಗಿದು
ಇನ್ನೊಂದನ್ನು ತಿರುಗಿಸಿದಳು,
ಭುಜ ಅಲುಗದೆ, ಮಣಿಕಟ್ಟು ಮಾತ್ರ.
‘ಬಾ ಒಳಗೆ.’

ತಿರುಗುವ ಹಗ್ಗಕ್ಕೆ ಒಂದು ಬಾಗಿಲಿದೆ,
ರೆಪ್ಪೆ ಬಡಿಯುವಷ್ಟು ಹೊತ್ತು ತೆರೆದು ಮುಚ್ಚುತ್ತದೆ.
ರೌಂಡ್‌ಅಬೌಟಿಗೆ ಬಸ್ಸು ನುಗ್ಗಿಸುವವನಿಗೆ
ಆ ಸಂದು ಗೊತ್ತಿರಬೇಕಿತ್ತು. ಮೂರು ಸಲ ನಿಂತೆ.
ನಾಲ್ಕನೆಯ ಸಲ ಯೋಚಿಸಲಿಲ್ಲ.

ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ನಾಲ್ಕು,
ಬಾಯಿಗೆ ಬಂದದ್ದು ಅದು, ಎಲ್ಲಿಂದಲೋ.
ಅರವತ್ತೆಂಟರ ಮುಂದೆ ಮಗ್ಗಿ ನಿಂತಿತು.
ಕಾಲು ನಿಲ್ಲಲಿಲ್ಲ.

ಮೂರು ವಾರದ ಮೇಲೆ ಬೆವರ್ಲಿ ತೂಗಿದಳು:
ಕಲ್ಲು ಹದಿನಾಲ್ಕೂ ಹಾಗೇ ಇವೆ.
ಮೇಲಿನ ಮೂರು ಪೌಂಡು ಮಾತ್ರ
ಗಲ್ಲಿಯಲ್ಲೆಲ್ಲೋ ಉದುರಿದೆ.
‘ಇಷ್ಟೇನಾ?’ ಎಂದಳು ಅನಸೂಯಾ.
ಇಷ್ಟೇ. ಆದರೆ ಆ ಗರಡಿಯವರು ಯಾರಾದರೂ ಉಳಿದಿದ್ದರೆ ಕೇಳಲಿ:
ಹದಿನಾಲ್ಕನ್ನೂ ಒಟ್ಟಿಗೆ ಎತ್ತುತ್ತೇನೆ,
ದಿನಾ, ಬೆರಳಿನಷ್ಟು.

ಆ ರಾತ್ರಿ ಗೌರಕ್ಕನಿಗೆ ಫೋನು ಮಾಡಿದೆ.
ಅಲ್ಲಿ ನಸುಕು, ಹಾಲು ಕಾಸುವ ಸದ್ದು.
ಹದಿನೇಳೈದ್ಲೆ ಎಷ್ಟೇ, ಎಂದೆ.
‘ಎಂಬತ್ತೈದು’ ಅಂದಳು,
ಯಾಕೆ ಎಂದು ಕೇಳದೆ.